ಮೊಹರಿನ ಹಿಂದಿನ ಪುಸ್ತಕ

ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ ನನ್ನ ಪರಿಚಯದವರೊಬ್ಬರು ಒಂದು ಬೆಳಿಗ್ಗೆ ತಮ್ಮ ಐದು ಸೆಂಟ್ಸ್ ಜಾಗವನ್ನು ನೋಡಲು ಹೋದರು. ಅಲ್ಲಿ ಯಾರೋ ಬೇಲಿಯ ಕಂಬ ನೆಡಿಸುತ್ತಿದ್ದರು. ವಿಚಾರಿಸಿದರೆ, ಆತ ಮುಂಗಡ ಹಣ ಕೊಟ್ಟು ಖರೀದಿಯ ಕರಾರು ಮಾಡಿಕೊಂಡವನು. ಕರಾರಿಗೆ ಸಹಿ ಹಾಕಿದ್ದು ಇವರ ದೂರದ ಸಂಬಂಧಿಕ. ಆ ಸಂಬಂಧಿಕನ ಕೈಯಲ್ಲಿ ಇವರೇ ಬರೆದುಕೊಟ್ಟರೆನ್ನಲಾದ ಒಂದು ಮುಖ್ತಿಯಾರ್ ಪತ್ರವಿತ್ತು. ಪತ್ರದ ಕೊನೆಯಲ್ಲಿ ಇವರ ಸಹಿ, ಸಹಿಯ ಕೆಳಗೆ ನೋಟರಿಯ ದುಂಡು ಮುದ್ರೆ.

ಅದರ ನಕಲು ಹಿಡಿದುಕೊಂಡು ಅವರು ನನ್ನ ಮನೆಗೆ ಬಂದರು. ಹಳೆಯ ದಸ್ತಾವೇಜುಗಳನ್ನು ಓದುವ ಹವ್ಯಾಸ ನನಗಿದೆ ಎಂಬುದಷ್ಟೇ ಕಾರಣ. ನಾವಿಬ್ಬರೂ ಮುದ್ರೆಯನ್ನು ಅಕ್ಷರ ಅಕ್ಷರವಾಗಿ ಓದಿದೆವು. ನೋಟರಿಯ ಹೆಸರು ಇತ್ತು. ಯಾವ ಪ್ರದೇಶಕ್ಕೆ ನೇಮಕ ಎಂಬುದಿತ್ತು. ನೋಂದಣಿ ಸಂಖ್ಯೆ, ನೇಮಿಸಿದ ಸರಕಾರದ ಹೆಸರು ಎಲ್ಲವೂ ಇದ್ದವು. ವಿಚಾರಿಸಿದಾಗ ಅಂಥ ನೋಟರಿ ಇರುವುದೂ ನಿಜ, ಸಂಖ್ಯೆಯೂ ಸರಿ ಎಂದು ತಿಳಿಯಿತು.

"ಎಲ್ಲ ಸರಿ ಉಂಟಲ್ಲ ಮಾರಾಯ್ರೆ, ಹಾಗಾದರೆ ನಾನೇ ಸುಳ್ಳಾ?" ಎಂದು ಅವರು ಕೇಳಿದರು.

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಮನುಷ್ಯ ಮುದ್ರೆ ಒತ್ತಲು ಕಲಿತ ದಿನದಿಂದ ಅದು ಅವನನ್ನು ಕಾಡುತ್ತಾ ಬಂದಿದೆ. ಮುದ್ರೆ ಏನನ್ನು ಹೇಳುತ್ತದೆ? ಏನನ್ನು ಹೇಳುವುದಿಲ್ಲ? ಅದು ಹೇಳಿದ್ದನ್ನು ಎಲ್ಲಿ ಹೋಗಿ ತಾಳೆ ನೋಡಬೇಕು?

ಅರಬ್ ಇತಿಹಾಸದಲ್ಲಿ ಇದಕ್ಕೆ ಬಹಳ ಹಿಂದೆಯೇ ಉತ್ತರ ಹುಡುಕಿದ್ದಾರೆ. ಪ್ರವಾದಿ ಮುಹಮ್ಮದ್(ಸ)ರು ನೆರೆಯ ಸಾಮ್ರಾಟರಿಗೆ ಪತ್ರ ಬರೆಸಲು ಹೊರಟಾಗ, ಮುದ್ರೆಯಿಲ್ಲದ ಪತ್ರವನ್ನು ಅವರು ಓದುವುದಿಲ್ಲ ಎಂದು ಕೆಲವರು ತಿಳಿಸಿದರು. ಆಗ ಬೆಳ್ಳಿಯ ಉಂಗುರವೊಂದು ಸಿದ್ಧವಾಯಿತು. 'ಮುಹಮ್ಮದ್ ರಸೂಲುಲ್ಲಾಹ್' ಎಂಬ ಮೂರು ಪದಗಳು ಮೂರು ಸಾಲುಗಳಲ್ಲಿ. ಇದು ಬಹುತೇಕ ಓದುಗರಿಗೆ ಗೊತ್ತಿರುವ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ್ದು ಅದರ ಜೊತೆಗಿನ ಇನ್ನೊಂದು ಮಾತು: ಅದೇ ಬರಹವನ್ನು ಬೇರೆ ಯಾರೂ ತಮ್ಮ ಉಂಗುರದಲ್ಲಿ ಕೆತ್ತಿಸಬಾರದು ಎಂದು ಅವರು ತಡೆದರು. ಮುದ್ರೆ ಹುಟ್ಟಿದ ದಿನವೇ ನಕಲಿಯ ಭಯವೂ ಹುಟ್ಟಿತ್ತು ಎಂದಾಯಿತು. ಆ ಉಂಗುರ ಅಬೂಬಕರ್(ರ), ಉಮರ್(ರ) ಅವರ ಕೈ ದಾಟಿ ಉಸ್ಮಾನ್(ರ) ಅವರಲ್ಲಿಗೆ ಬಂದು, ಒಂದು ದಿನ ಮದೀನಾದ ಅರೀಸ್ ಎಂಬ ಬಾವಿಗೆ ಬಿತ್ತು. ಮೂರು ದಿನ ಹುಡುಕಿದರು, ನೀರು ತೋಡಿಸಿದರು. ಸಿಗಲಿಲ್ಲ.

ಉಮರ್(ರ) ಅವರ ಕಾಲದ ಒಂದು ಪ್ರಸಂಗವನ್ನು 9ನೇ ಶತಮಾನದ ಇತಿಹಾಸಕಾರ ಬಲಾಝುರಿ ದಾಖಲಿಸಿದ್ದಾನೆ. ಒಬ್ಬಾತ ಖಲೀಫರ ಮುದ್ರೆಯನ್ನೇ ನಕಲು ಮಾಡಿ ಕೂಫಾದ ಕಂದಾಯದ ಹಣದಿಂದ ಒಂದಷ್ಟನ್ನು ಎತ್ತಿಕೊಂಡ. ಅವನಿಗೆ ಚಾಟಿಯೇಟು, ಸೆರೆಮನೆ ಎರಡೂ ಆದವು. ಆದರೆ ಶಿಕ್ಷೆಯಿಂದ ರೋಗ ವಾಸಿಯಾಗಲಿಲ್ಲ. ಮುಂದೆ ಮುಆವಿಯಾರ ಆಳ್ವಿಕೆಯಲ್ಲಿ ಇನ್ನೂ ಜಾಣತನದ ಕೆಲಸ ನಡೆಯಿತು. ಇರಾಕಿನ ರಾಜ್ಯಪಾಲ ಝಿಯಾದನಿಂದ ಒಂದು ಲಕ್ಷ ದಿರ್ಹಮ್ ಪಡೆಯುವಂತೆ ಒಬ್ಬರಿಗೆ ಪತ್ರ ಬರೆದುಕೊಟ್ಟಿದ್ದರು. ಆತ ದಾರಿಯಲ್ಲಿ ಪತ್ರ ಬಿಚ್ಚಿ ಒಂದನ್ನು ಎರಡು ಮಾಡಿದ. ಝಿಯಾದ್ ಎರಡು ಲಕ್ಷ ಎಣಿಸಿ ಕೊಟ್ಟ. ವರ್ಷದ ಲೆಕ್ಕ ಬಂದಾಗಲೇ ಮೋಸ ಬಯಲಾದದ್ದು.

ಇಲ್ಲಿ ಮುದ್ರೆ ನಕಲಿಯಲ್ಲ, ಅಸಲಿ. ಸಹಿ ಮಾಡಿದವನೂ ಅಸಲಿ. ಸುಳ್ಳಾದದ್ದು ನಡುವಿನ ಅಂಕಿ. ಮುಆವಿಯಾ ಇದಕ್ಕೆ ಕಂಡುಕೊಂಡ ಪರಿಹಾರ 'ದೀವಾನುಲ್ ಖಾತಮ್' ಎಂಬ ಮುದ್ರಾ ಕಚೇರಿ. ಪತ್ರವನ್ನು ಮಡಚಿ, ಕಟ್ಟಿ, ಗಂಟಿನ ಮೇಲೆ ಮೊಹರು ಹಾಕುವುದು. ಅದಕ್ಕಿಂತ ಮುಖ್ಯವಾಗಿ, ಹೊರಟ ಪತ್ರದ ಒಂದು ಪ್ರತಿಯನ್ನು ಕಚೇರಿಯಲ್ಲೇ ಉಳಿಸಿಕೊಳ್ಳುವುದು. ಮೊಹರು ಪ್ರಯಾಣ ಹೋಗುತ್ತದೆ, ಪ್ರತಿ ಮನೆಯಲ್ಲಿರುತ್ತದೆ. ಸಂಶಯ ಬಂದಾಗ ಎರಡನ್ನೂ ಎದುರುಬದುರು ಇಡಬಹುದು.

ಧರ್ಮಶಾಸ್ತ್ರದ ವಿದ್ವಾಂಸರಾದ ಫುಕಹಾಗಳಿಗೆ ಇಷ್ಟರಿಂದಲೂ ಸಮಾಧಾನವಿರಲಿಲ್ಲ. ಸಾಲವನ್ನು ಬರೆದಿಡಿ ಎಂದು ಕುರ್‌ಆನ್ ತನ್ನ ಅತ್ಯಂತ ದೀರ್ಘ ಸೂಕ್ತದಲ್ಲಿ ಹೇಳಿದೆ, ಸಾಕ್ಷಿಗಳನ್ನೂ ಕೇಳಿದೆ. ಆದರೆ ಕಾಗದವೊಂದೇ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಹಲವು ವಿದ್ವಾಂಸರು ಇಲ್ಲವೆಂದರು. ಒಬ್ಬನ ಬರಹ ಇನ್ನೊಬ್ಬನ ಬರಹವನ್ನು ಹೋಲುತ್ತದೆ, ಒಂದು ಮುದ್ರೆ ಇನ್ನೊಂದನ್ನು ಹೋಲುತ್ತದೆ ಎಂಬುದು ಅವರ ವಾದ. ಒಬ್ಬ ಖಾಜಿ ಮತ್ತೊಂದು ಊರಿನ ಖಾಜಿಗೆ ಬರೆದ ಮೊಹರು ಹಾಕಿದ ಪತ್ರವನ್ನು ಕೂಡ, ಅದರೊಳಗೇನಿದೆ ಎಂದು ಬಲ್ಲ ಇಬ್ಬರು ಸಾಕ್ಷಿಗಳು ಜೊತೆಗೆ ಬಂದು ಹೇಳಿದರೆ ಮಾತ್ರ ಒಪ್ಪಬೇಕೆಂದು ಹನಫೀ ಗ್ರಂಥಗಳು ವಿಧಿಸುತ್ತವೆ. ವ್ಯಾಪಾರ ಹಬ್ಬಿದಂತೆ ಇದು ಕಷ್ಟವಾಯಿತು. ಸಾಕ್ಷಿಗಳು ಸಾಯುತ್ತಾರೆ, ಊರು ಬಿಡುತ್ತಾರೆ. ಹಾಗಾಗಿ 8ನೇ ಶತಮಾನದ ಕೊನೆಯ ಹೊತ್ತಿಗೆ ಈಜಿಪ್ಟಿನ ಖಾಜಿಗಳು ನಡತೆ ಪರೀಕ್ಷಿಸಿದ ಸಾಕ್ಷಿದಾರರ ಹೆಸರುಗಳನ್ನು ಗೊತ್ತುಮಾಡಿಕೊಂಡರು. ಇವರನ್ನು 'ಅದ್ಲ್' ಎನ್ನುತ್ತಿದ್ದರು, ನ್ಯಾಯವಂತ ಎಂದರ್ಥ. ಮೊರಾಕ್ಕೊದಲ್ಲಿ ಮದುವೆ, ಆಸ್ತಿ ಪತ್ರಗಳನ್ನು ಬರೆಯುವವರು ಇಂದಿಗೂ ಇದೇ ಹೆಸರಿನವರು. 2018ರಲ್ಲಿ ಅಲ್ಲಿ ಮಹಿಳೆಯರಿಗೂ ಈ ವೃತ್ತಿ ತೆರೆಯಿತು.

ಈ ಅನುಮಾನ ಒಂದು ಸಮುದಾಯದ ಸೊತ್ತೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ನಮ್ಮ ಕನ್ನಡ ನೆಲದಲ್ಲೇ ಕುಳಿತು 'ಮಿತಾಕ್ಷರ' ಬರೆದ ವಿಜ್ಞಾನೇಶ್ವರ ವ್ಯಾಖ್ಯಾನಿಸಿದ್ದು ಯಾಜ್ಞವಲ್ಕ್ಯ ಸ್ಮೃತಿಯನ್ನು. ಅದರಲ್ಲಿ 'ಲೇಖ್ಯ' ಎಂಬ ಪ್ರಕರಣವೇ ಇದೆ. ಸಂಶಯ ಬಂದ ಪತ್ರವನ್ನು ಬರೆದವನ ಇತರ ಬರಹಗಳೊಂದಿಗೆ ಹೋಲಿಸಬೇಕು, ಗುರುತು ನೋಡಬೇಕು, ಆ ವ್ಯವಹಾರ ನಡೆದಿರುವ ಸಂಭವವಿತ್ತೇ ಎಂದು ಯುಕ್ತಿಯಿಂದ ಅಳೆಯಬೇಕು ಎಂಬುದು ಅದರ ತಾತ್ಪರ್ಯ. ಹೀಗೆಲ್ಲ ಬರೆಯಬೇಕಾಗಿ ಬಂದದ್ದೇಕೆ ಎಂಬುದಕ್ಕೆ ತಾಮ್ರಶಾಸನಗಳೇ ಸಾಕ್ಷಿ. ಉಂಗುರದ ಮೇಲೆ ರಾಜಮುದ್ರೆ ಒತ್ತಿದ ಎಷ್ಟೋ ತಾಮ್ರಪಟಗಳು ಕೂಟಶಾಸನಗಳು, ಅಂದರೆ ಖೋಟಾ. ಪಶ್ಚಿಮ ಗಂಗರ ತಾಮ್ರಪಟಗಳ ಬಗ್ಗೆ ಫ್ಲೀಟ್ ಮತ್ತು ಬಿ.ಎಲ್. ರೈಸ್ ನಡುವೆ ನಡೆದ ದೀರ್ಘ ವಾಗ್ವಾದ ಶಾಸನ ಓದುಗರಿಗೆ ಗೊತ್ತೇ ಇದೆ. ಒಬ್ಬರು ಖೋಟಾ ಎಂದರೆ ಇನ್ನೊಬ್ಬರು ಸಮರ್ಥಿಸಿದರು. ಲಿಪಿ ಆ ಕಾಲದ್ದೇ, ತಿಥಿವಾರ ಹೊಂದುತ್ತವೆಯೇ ಎಂಬುದೇ ಅವರ ಪರೀಕ್ಷೆ. ಮುದ್ರೆ ಚೆನ್ನಾಗಿದೆ ಎಂಬುದು ಯಾರಿಗೂ ಸಾಕಾಗಲಿಲ್ಲ.

ಮೊಗಲರ ಕಾಲದ ಖಾಜಿಯ ಮೊಹರಿಗೆ ಬಂದರೆ ವಿಷಯ ಇನ್ನಷ್ಟು ಕುತೂಹಲಕರ. ಆಸ್ತಿ ಮಾರಾಟ, ಅಡವು, ಪಾಲು, ಹಿಬಾ ಯಾವುದೇ ಪತ್ರವಿರಲಿ, ಅದರ ಮೇಲ್ಭಾಗದಲ್ಲಿ ಖಾಜಿಯ ಮೊಹರು ಬೀಳುತ್ತಿತ್ತು. ಸೂರತ್, ಖಂಬಾತ್‌ಗಳಂಥ ಬಂದರು ಪಟ್ಟಣಗಳಲ್ಲಿ ಹಿಂದೂ ವರ್ತಕರೂ ತಮ್ಮ ಮನೆ, ಅಂಗಡಿಗಳ ಕಾಗದಗಳನ್ನು ಖಾಜಿಯ ಬಳಿಗೇ ಒಯ್ದರು. ಅವರು ಹುಡುಕಿಕೊಂಡು ಹೋದದ್ದು ನಾಳೆ ತಕರಾರು ಬಂದಾಗ ನಿಲ್ಲುವ ಕಾಗದವನ್ನು. ಮೊಹರಿನಲ್ಲಿ ಸಾಮಾನ್ಯವಾಗಿ ಖಾಜಿಯ ಹೆಸರು, 'ಶರೀಅತ್‌ನ ಸೇವಕ' ಎಂಬರ್ಥದ ಬಿರುದು, ಜೊತೆಗೊಂದು ಹಿಜರಿ ವರ್ಷ.

ಈ ವರ್ಷವನ್ನು ಓದುವುದರಲ್ಲೇ ಅನೇಕರು ಎಡವುತ್ತಾರೆ. ಅದು ಪತ್ರ ಬರೆದ ವರ್ಷವಲ್ಲ, ಮೊಹರು ಕೆತ್ತಿಸಿದ ವರ್ಷ. ಒಮ್ಮೆ ಕೆತ್ತಿಸಿದ ಮೊಹರು ಹಲವು ವರ್ಷ ನಡೆಯುತ್ತದೆ. ಆದ್ದರಿಂದ ಪತ್ರದ ತಾರೀಕು ಮೊಹರಿನ ವರ್ಷಕ್ಕಿಂತ ಈಚಿನದಾಗಿದ್ದರೆ ಸಹಜ. ಹಿಂದಿನದಾಗಿದ್ದರೆ? ಇನ್ನೂ ಕೆತ್ತದ ಮೊಹರನ್ನು ಒತ್ತಿದವರಾರು ಎಂದು ಕೇಳಬೇಕಾಗುತ್ತದೆ. ಹಾಗೆಂದು ತಕ್ಷಣ ಖೋಟಾ ಎಂದು ಕೂಗುವಂತೆಯೂ ಇಲ್ಲ. ಹಳೆಯ ಪತ್ರದ ನಕಲನ್ನು ಹೊಸ ಖಾಜಿಯ ಮುಂದೆ ಹಿಡಿದು, ಮೂಲಕ್ಕೆ ತಾಳೆಯಾಗಿದೆ ಎಂದು ಬರೆಸಿ ಮೊಹರು ಹಾಕಿಸುವ ವಾಡಿಕೆಯಿತ್ತು. 'ನಕಲ್ ಮುತಾಬಿಕ್‌ ಅಸಲ್' ಎಂಬ ಒಂದು ಸಾಲು ಅಂಚಿನಲ್ಲಿ ಕಂಡರೆ, ಮೊಹರು ಹೊಸದಾಗಿರುವುದೇ ನ್ಯಾಯ. ಹೀಗೆ ಮುದ್ರೆಯ ವಿವರಗಳನ್ನು ಪತ್ರದ ವಿವರಗಳ ಎದುರು ಹಿಡಿಯುವುದು ಇತಿಹಾಸಕಾರರಿಗೂ ಗುಮಾಸ್ತರಿಗೂ ಒಂದೇ ಕೆಲಸ.

ಖಾಜಿಯ ಈ ಅಧಿಕಾರವನ್ನು ಕಂಪೆನಿ ಸರಕಾರ ಮೊದಮೊದಲು ಉಳಿಸಿಕೊಂಡಿತು. ಬಂಗಾಳದಲ್ಲಿ 1793ರ 39ನೇ ರೆಗ್ಯುಲೇಷನ್ ಪ್ರಕಾರ ನಗರ, ಪಟ್ಟಣ, ಪರಗಣೆಗಳ ಖಾಜಿಗಳು ಆಸ್ತಿಪತ್ರಗಳನ್ನು ಬರೆದು ದೃಢೀಕರಿಸಬೇಕಿತ್ತು, ನಕಲು ಇಟ್ಟುಕೊಳ್ಳಬೇಕಿತ್ತು, ಹುದ್ದೆ ಬಿಡುವಾಗ ಅವನ್ನು ಮುಂದಿನವನಿಗೆ ಒಪ್ಪಿಸಬೇಕಿತ್ತು. ಅನಂತರ 1864 ಬಂತು. ಆ ವರ್ಷದ 11ನೇ ಕಾಯಿದೆ ಸರಕಾರಿ ಖಾಜಿಯ ಹುದ್ದೆಯನ್ನು ತೆಗೆದುಹಾಕಿತು. ಅದೇ ವರ್ಷದ 16ನೇ ಕಾಯಿದೆ ದಸ್ತಾವೇಜುಗಳ ನೋಂದಣಿ ವ್ಯವಸ್ಥೆಯನ್ನು ತಂದಿತು. ಇಂದಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಬೇರು ಅಲ್ಲಿದೆ. 1880ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರು ವೈಸರಾಯ್ ಶಾಸನ ಸಭೆಯಲ್ಲಿ ಮಂಡಿಸಿದ ಮಸೂದೆಯಿಂದ ಖಾಜಿಗಳ ನೇಮಕಕ್ಕೆ ಮತ್ತೆ ದಾರಿಯಾಯಿತು. ಆದರೆ ಬಂದದ್ದು ಹೆಸರು ಮಾತ್ರ. ಈ ಕಾಯಿದೆಯಿಂದ ಅವರಿಗೆ ನ್ಯಾಯಾಂಗದ ಅಥವಾ ಆಡಳಿತದ ಯಾವ ಅಧಿಕಾರವೂ ಬರುವುದಿಲ್ಲ ಎಂದು ಅದರಲ್ಲೇ ಬರೆದಿದೆ.

ಇದನ್ನು ನಮ್ಮವರು ಸಾಮಾನ್ಯವಾಗಿ ನಷ್ಟದ ಕಥೆಯಾಗಿ ಹೇಳುತ್ತಾರೆ. ನನಗೆ ಪೂರ್ತಿ ಹಾಗನ್ನಿಸುವುದಿಲ್ಲ. ಖಾಜಿಯ ಹುದ್ದೆ ಅನೇಕ ಕಡೆ ವಂಶಪಾರಂಪರ್ಯವಾಗಿತ್ತು, ದಾಖಲೆಗಳು ಮನೆತನದ ಪೆಟ್ಟಿಗೆ ಸೇರುತ್ತಿದ್ದವು. ಪೆಟ್ಟಿಗೆಗೆ ಗೆದ್ದಲು ಹಿಡಿದರೆ ಊರಿನ ಹಕ್ಕುಗಳಿಗೂ ಗೆದ್ದಲು. ಯಾರು ಬೇಕಾದರೂ ಶುಲ್ಕ ಕಟ್ಟಿ ನಕಲು ಕೇಳಬಹುದಾದ ಸರಕಾರಿ ಪುಸ್ತಕ ಅದಕ್ಕಿಂತ ಮೇಲು. ಕಳೆದುಹೋದದ್ದು ಬೇರೆಯೇ ಒಂದು: ಸಹಿ ಮಾಡುವವನನ್ನು ಮುಖ ನೋಡಿ ಗುರುತಿಸಬಲ್ಲ ಊರಿನ ಮನುಷ್ಯ.

ಆ ಮನುಷ್ಯನ ಜಾಗಕ್ಕೆ ಬಂದ ನೋಟರಿಯ ವಂಶಾವಳಿ ಇಟಲಿಯಿಂದ ಶುರುವಾಗುತ್ತದೆ. ಬೊಲೋನ್ಯಾ ನಗರದಲ್ಲಿ 13ನೇ ಶತಮಾನದಲ್ಲಿ ನೋಟರಿಗಳ ಹೆಸರಿನ ಪಟ್ಟಿಯಿತ್ತು. 1265ರಲ್ಲಿ, ಖೋಟಾ ಪತ್ರಗಳ ಹಾವಳಿ ತಡೆಯಲು, 20 ಲೀರಾಕ್ಕಿಂತ ಹೆಚ್ಚಿನ ಎಲ್ಲ ಕರಾರುಗಳನ್ನೂ ನಗರದ ಪುಸ್ತಕದಲ್ಲಿ ಬರೆಸಬೇಕೆಂದು ಕಟ್ಟಳೆಯಾಯಿತು. ಬರಹಗಳ ನಡುವಿನ ಖಾಲಿ ಜಾಗದಲ್ಲಿ ಆಮೇಲೆ ಯಾರೂ ಏನನ್ನೂ ತುರುಕಬಾರದಲ್ಲ? ಅದಕ್ಕೆ ಅಲ್ಲಿನ ನೋಟರಿಗಳು ಆ ಜಾಗಗಳಲ್ಲಿ ಜನಭಾಷೆಯ ಕವಿತೆಗಳನ್ನು ಬರೆದು ತುಂಬಿಸಿದರು. ದಾಂತೆಯ ಒಂದು ಸುನೀತ 1287ರ ಪುಸ್ತಕದಲ್ಲಿ ಹೀಗೆ ಸಿಕ್ಕಿದೆ. ನಮ್ಮ ಕಚೇರಿಗಳಲ್ಲಿ ಖಾಲಿ ಜಾಗಕ್ಕೆ ಅಡ್ಡಗೀಟು ಎಳೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಇಂಗ್ಲೆಂಡಿನಲ್ಲಿ ನೋಟರಿಯನ್ನು ನೇಮಿಸುತ್ತಿದ್ದುದು ಪೋಪರ ಅಧಿಕಾರದ ಬಲದಿಂದ. ಎಂಟನೆಯ ಹೆನ್ರಿ ರೋಮಿನೊಂದಿಗೆ ಜಗಳವಾಡಿ ಬೇರೆಯಾದಾಗ, 1533ರ ಕಾಯಿದೆಯಿಂದ ಆ ಅಧಿಕಾರ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ಹೋಯಿತು. ಅವರ ಪರವಾಗಿ ಅದನ್ನು ಚಲಾಯಿಸುತ್ತಿದ್ದವನು 'ಮಾಸ್ಟರ್ ಆಫ್ ಫ್ಯಾಕಲ್ಟೀಸ್'. ವಿಚಿತ್ರವೆಂದರೆ, ಭಾರತ ಸ್ವತಂತ್ರವಾದ ಮೇಲೂ ಇಲ್ಲಿನ ಕೆಲವು ನೋಟರಿಗಳ ನೇಮಕ ಅದೇ ಇಂಗ್ಲಿಷ್ ಅಧಿಕಾರಿಯಿಂದ ಆಗುತ್ತಿತ್ತು. 1952ರ ನೋಟರಿ ಕಾಯಿದೆ ತಂದ ಕಾರಣಗಳಲ್ಲಿ ಇದೂ ಒಂದು. ಅದಕ್ಕೂ ಮೊದಲು 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನಲ್ಲಿ ಹುಂಡಿ ವ್ಯವಹಾರಗಳಿಗಾಗಿ ನೋಟರಿಗಳನ್ನು ನೇಮಿಸಲು ಅವಕಾಶವಿತ್ತು. ಅದು ರದ್ದಾಗಿ ಖಾಲಿ ಬಿದ್ದ ಜಾಗಕ್ಕೇ 1988ರ ತಿದ್ದುಪಡಿಯಲ್ಲಿ ಚೆಕ್ ಬೌನ್ಸ್ ಅಪರಾಧವನ್ನು ಸೇರಿಸಿದರು. ಇಂದು ಕೋರ್ಟಿನ ಆವರಣದಲ್ಲಿ '138' ಎಂದರೆ ಚಹಾ ಅಂಗಡಿಯವನಿಗೂ ಚೆಕ್ ಬೌನ್ಸೇ.

1952ರ ಕಾಯಿದೆ ಜಾರಿಗೆ ಬಂದದ್ದು 1956ರ ಫೆಬ್ರವರಿ 14ರಂದು. ಅದೇ ವರ್ಷದ ನಿಯಮಗಳಲ್ಲಿ 12ನೆಯದು ಮುದ್ರೆ ಹೇಗಿರಬೇಕು ಎಂದು ವಿವರಿಸುತ್ತದೆ: ಅಲಂಕಾರವಿಲ್ಲದ ದುಂಡು ಮುದ್ರೆ, 5 ಸೆಂಟಿಮೀಟರ್ ವ್ಯಾಸ, ನೋಟರಿಯ ಹೆಸರು, ಅವರ ಕಾರ್ಯಕ್ಷೇತ್ರ, ನೋಂದಣಿ ಸಂಖ್ಯೆ, ಸುತ್ತ 'ನೋಟರಿ' ಎಂಬ ಪದ, ನೇಮಿಸಿದ ಸರಕಾರದ ಹೆಸರು. ವೃತ್ತಿಯ ಪ್ರಮಾಣಪತ್ರ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ವೃತ್ತಿಯಲ್ಲಿರುವವರ ಪಟ್ಟಿಯನ್ನು ಸರಕಾರ ಪ್ರತಿ ಜನವರಿಯಲ್ಲಿ ಗೆಜೆಟಿನಲ್ಲಿ ಪ್ರಕಟಿಸಬೇಕು. ನೋಟರಿಯಲ್ಲದವನು ನೋಟರಿಯೆಂದು ಹೇಳಿಕೊಂಡರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಇವುಗಳ ಜೊತೆಗೇ ಇನ್ನೊಂದು ನಿಯಮವಿದೆ. ಪ್ರತಿಯೊಬ್ಬ ನೋಟರಿಯೂ 15ನೇ ನಮೂನೆಯ ಒಂದು ರಿಜಿಸ್ಟರ್ ಇಡಬೇಕು. ಮಾಡಿದ ಪ್ರತಿ ಕೆಲಸಕ್ಕೂ ಕ್ರಮಸಂಖ್ಯೆ, ತಾರೀಕು, ಪತ್ರ ಯಾವ ಬಗೆಯದು, ಬಂದವನ ಹೆಸರು ವಿಳಾಸ, ಪಡೆದ ಶುಲ್ಕ, ಬಂದವನ ಸಹಿ. ದೀವಾನುಲ್ ಖಾತಮಿನ ಪ್ರತಿ, ಖಾಜಿಯ ನಕಲು, ಬೊಲೋನ್ಯಾದ ಪುಸ್ತಕ ಎಲ್ಲವೂ ಈ ಒಂದು ರಿಜಿಸ್ಟರಿನಲ್ಲಿ ಬಂದು ಕುಳಿತಿವೆ. ಆದರೆ ಅದನ್ನು ಕೇಳಿ ನೋಡುವವರು ಎಷ್ಟು ಜನ?

ಜನ ನೋಡುವುದು ಮುದ್ರೆಯನ್ನು. ರಬ್ಬರ್ ಠಸ್ಸೆ ಮಾಡುವ ಅಂಗಡಿಗೆ ಒಂದು ಹಳೆಯ ಅಚ್ಚು ಕೊಟ್ಟರೆ ಚಹಾ ಕುಡಿದು ಬರುವಷ್ಟರಲ್ಲಿ ಇನ್ನೊಂದು ತಯಾರು. ಇನ್ನೂ ಒಂದು ತಪ್ಪು ತಿಳಿವಳಿಕೆಯಿದೆ. ನೋಟರಿಯ ಮುದ್ರೆ ಬಿದ್ದರೆ ಪತ್ರದೊಳಗಿನ ಮಾತೆಲ್ಲ ನಿಜವೆಂದು ಸರಕಾರವೇ ಹೇಳಿದಂತೆ ಎಂದು ಭಾವಿಸುವವರಿದ್ದಾರೆ. ನೋಟರಿ ಹೇಳುವುದು ಇಂಥವನು ಇಂಥ ದಿನ ನನ್ನ ಮುಂದೆ ಸಹಿ ಹಾಕಿದ ಎಂದಷ್ಟೇ. ನಕಲು ಪ್ರತಿಯಾದರೆ, ಮೂಲವನ್ನು ನೋಡಿದ್ದೇನೆ ಎಂದಷ್ಟೇ.

ಆದರೂ ಆ 'ಅಷ್ಟೇ'ಗೆ ಕಾನೂನಿನಲ್ಲಿ ಭಾರವಿದೆ. ನೋಟರಿಯ ಮುಂದೆ ಬರೆದು ದೃಢೀಕರಿಸಿದ ಮುಖ್ತಿಯಾರ್ ಪತ್ರವನ್ನು ನ್ಯಾಯಾಲಯ ಸರಿಯಾದದ್ದೆಂದೇ ಎಣಿಸಿ ಮುಂದುವರಿಯಬೇಕು ಎಂದು 1872ರ ಸಾಕ್ಷ್ಯ ಕಾಯಿದೆಯ 85ನೇ ಕಲಮು ಹೇಳುತ್ತಿತ್ತು. ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲೂ ಆ ಮಾತು ಮುಂದುವರಿದಿದೆ. ಸುಳ್ಳು ಎನ್ನುವವನೇ ಅದನ್ನು ತೋರಿಸಿಕೊಡಬೇಕು. ಮುಖ್ತಿಯಾರ್ ಪತ್ರದ ಮೂಲಕ ನಡೆಯುವ 'ಮಾರಾಟ'ದಿಂದ ಆಸ್ತಿಯ ಒಡೆತನ ವರ್ಗವಾಗುವುದಿಲ್ಲ, ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ ಅಷ್ಟರಲ್ಲಿ ಮುಂಗಡ ಹಣ ಕೈ ಬದಲಾಗಿರುತ್ತದೆ, ಬೇಲಿ ಎದ್ದಿರುತ್ತದೆ.

ಕಾಗದವನ್ನೇ ನಂಬಿ ಕೆಟ್ಟ ಅನುಭವ ನಮ್ಮ ರಾಜ್ಯಕ್ಕೆ ಹೊಸದಲ್ಲ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದ ಹಗರಣ ಈ ಶತಮಾನದ ಆರಂಭದಲ್ಲಿ ದೇಶವನ್ನೇ ಅಲುಗಿಸಿತು. 2001ರ ನವೆಂಬರಿನಲ್ಲಿ ಆತನ ಬಂಧನವಾಯಿತು, 2006 ಮತ್ತು 2007ರಲ್ಲಿ ದೀರ್ಘ ಶಿಕ್ಷೆಗಳಾದವು, 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ. ಆಗ ಆತನ ಹೆಸರಿನ ಬಗ್ಗೆ ನಡೆದಷ್ಟು ಚರ್ಚೆ ಆ ಕಾಗದಗಳನ್ನು ನೋಡದೆ ಕೊಂಡ ದೊಡ್ಡ ದೊಡ್ಡ ಸಂಸ್ಥೆಗಳ ಬಗ್ಗೆ ನಡೆಯಲಿಲ್ಲ ಎಂಬ ಬೇಸರ ನನಗೆ ಈಗಲೂ ಇದೆ. ಆ ಬಳಿಕ ಬಂದ ಇ-ಸ್ಟಾಂಪಿನಲ್ಲಿ ಪ್ರಮಾಣಪತ್ರದ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಹಾಕಿ ಅಸಲಿಯೇ ಎಂದು ಯಾರೂ ನೋಡಬಹುದು. ಕಾಗದದ ಹಿಂದೆ ಕೊನೆಗೂ ಒಂದು ಪುಸ್ತಕ ಬಂತು. ಆದರೆ ಅಸಲಿ ಛಾಪಾ ಕಾಗದದ ಮೇಲೂ ಸುಳ್ಳು ಬರೆಯಬಹುದಲ್ಲ.

ನಮ್ಮ ಪರಿಚಯದವರ ವಿಷಯಕ್ಕೆ ಬರುತ್ತೇನೆ. ವಕೀಲರ ಮೂಲಕ ಆ ನೋಟರಿಯ ರಿಜಿಸ್ಟರನ್ನು ನೋಡಲು ಸಾಧ್ಯವಾಯಿತು. ಮುಖ್ತಿಯಾರ್ ಪತ್ರದ ಮೇಲಿದ್ದ ಕ್ರಮಸಂಖ್ಯೆ ರಿಜಿಸ್ಟರಿನಲ್ಲಿ ಬೇರೆ ಯಾರದೋ ಬಾಡಿಗೆ ಕರಾರಿಗೆ ಸೇರಿತ್ತು. ಆ ದಿನದ ಪುಟದಲ್ಲಿ ಇವರ ಹೆಸರೂ ಇಲ್ಲ, ಸಹಿಯೂ ಇಲ್ಲ. ಮುದ್ರೆ ತಮ್ಮದರಂತೆಯೇ ಇದೆ, ಆದರೆ ತಾವು ಒತ್ತಿದ್ದಲ್ಲ ಎಂದು ನೋಟರಿ ಹೇಳಿದರು. ಅದಕ್ಕಿಂತ ಗಟ್ಟಿ ಪುರಾವೆ ಇವರ ಮನೆಯ ಕಪಾಟಿನಲ್ಲೇ ಇತ್ತು. ಹಳೆಯ ಪಾಸ್‌ಪೋರ್ಟನ್ನು ತೆಗೆದು ಪುಟ ತಿರುವಿದಾಗ ವಲಸೆ ಕಚೇರಿಯ ಎರಡು ಮುದ್ರೆಗಳು ಸಿಕ್ಕವು, ಹೊರಟದ್ದರದ್ದು ಒಂದು, ಮರಳಿದ್ದರದ್ದು ಇನ್ನೊಂದು. ಮುಖ್ತಿಯಾರ್ ಪತ್ರದ ತಾರೀಕು ಆ ಎರಡರ ನಡುವೆ ಬೀಳುತ್ತಿತ್ತು. ಊರಿನಲ್ಲಿ ನೋಟರಿಯ ಮುಂದೆ ಸಹಿ ಹಾಕಿದರೆನ್ನಲಾದ ದಿನ ಅವರು ದಮ್ಮಾಮಿನಲ್ಲಿದ್ದರು.

ಎರಡನ್ನೂ ನ್ಯಾಯಾಲಯಕ್ಕೆ ಕೊಟ್ಟಾಗಿದೆ. ವಾಯಿದೆಯ ದಿನ ಮುಂಗಡ ಕೊಟ್ಟಾತನೂ ಬಂದು ಇವರ ಪಕ್ಕದ ಬೆಂಚಿನಲ್ಲೇ ಕುಳಿತಿರುತ್ತಾನೆ. ಮಗಳ ಚಿನ್ನ ಮಾರಿ ಹೊಂದಿಸಿದ ಹಣವಂತೆ ಅದು. ಮೊದಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಈಗ ಮಧ್ಯಾಹ್ನ ಒಟ್ಟಿಗೆ ಚಹಾ ಕುಡಿಯುತ್ತಾರೆ. ಸಂಬಂಧಿಕ ಊರಿನಲ್ಲಿಲ್ಲ. ಬೇಲಿಯ ಕಂಬಗಳು ಹಾಗೆಯೇ ನಿಂತಿವೆ.